ಬ್ರೌಸರೂ ಸರ್ವರೂ: ನಿಯಮವು ಎಲ್ಲಿರತಕ್ಕದ್ದು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈ ಲೇಖನದ ಹೆಸರನ್ನು ಓದಿ, ವ್ಯಾಕರಣವನ್ನೂ ಬೀಜಗಣಿತವನ್ನೂ ಹೇಳಿಕೊಡುತ್ತಿದ್ದವರಿಗೆ ಈ ವಿಷಯವು ಎಲ್ಲಿಂದ ಗಂಟುಬಿತ್ತೆಂದು ನಗಬಹುದು. ಅವರಲ್ಲಿ ಕೆಲವರು ಬೆಂಗಳೂರಿನಲ್ಲಿಯೂ ಸಮುದ್ರದಾಚೆಯಲ್ಲಿಯೂ ಇದೇ ಕೆಲಸದಿಂದ ಜೀವನ ಮಾಡುತ್ತಿರುವರು. ಅವರ ಮುಂದೆ ನಾವು ಈ ಪಾಠವನ್ನು ಹೇಳುವುದು ಕುಂಬಾರನ ಮನೆಗೆ ಮಡಕೆಯನ್ನು ಹೊತ್ತುಕೊಂಡು ಹೋದಂತೆಯೇ ಸರಿ. ಆದರೂ ಇಂದು ಶಾಲೆಯ ಶುಲ್ಕ, ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೇಟು, ಬ್ಯಾಂಕಿನ ಲೆಕ್ಕ ಇವೆಲ್ಲವೂ ಕೈಯಲ್ಲಿರುವ ಫೋನಿನ ಒಂದು ಪುಟದ ಮೂಲಕವೇ ನಡೆಯುವುದರಿಂದ, ಆ ಪುಟವು ತಾನಾಗಿ ಏನನ್ನು ಮಾಡಬಲ್ಲದು, ಏನನ್ನು ದೂರದ ಮತ್ತೊಂದು ಯಂತ್ರದಿಂದ ಕೇಳಿ ತಿಳಿಯಬೇಕು ಎಂಬ ಭೇದವನ್ನು ಪೋಷಕರು ಸಹ ಅರಿತಿರುವುದು ಅವಶ್ಯವೆಂದು ನಮಗೆ ತೋರಿದೆ. ಹೀಗೆ ತೋರುವುದಕ್ಕೆ ಒಂದು ಕಾರಣವುಂಟು. ಅದನ್ನೇ ಮೊದಲು ಹೇಳುವೆವು.

ಹಳೆಯ ವಿದ್ಯಾರ್ಥಿನಿಯರು ಕೂಡಿಸಿಕೊಟ್ಟ ಹಣದಿಂದ ನಮ್ಮಲ್ಲಿ ಒಂದು ಸಹಾಯನಿಧಿಯು ನಡೆಯುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ೨೦೨೧ರಲ್ಲಿ ಶಾಲೆಯ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಆ ನಿಧಿಯ ಅರ್ಜಿಯನ್ನು ಶಾಲೆಯ ಜಾಲಪುಟದಲ್ಲಿ ಇಟ್ಟೆವು. ಆಗಿನ ನಿಯಮದ ಪ್ರಕಾರ ಕುಟುಂಬದ ವಾರ್ಷಿಕ ಆದಾಯವು ೧,೨೦,೦೦೦ ರೂಪಾಯಿಗಳನ್ನು ಮೀರಿರಕೂಡದು. ೨೦೨೩ರ ಏಪ್ರಿಲಿನಲ್ಲಿ ಸಮಿತಿಯು ಕೂಡಿ, ಬೆಲೆಗಳೆಲ್ಲ ಏರಿರುವುದನ್ನು ಕಂಡು, ಮಿತಿಯನ್ನು ೧,೮೦,೦೦೦ಕ್ಕೆ ಏರಿಸಿತು. ಪುಟವನ್ನು ನೋಡಿಕೊಳ್ಳುತ್ತಿದ್ದವರಿಗೆ ತಿಳಿಸಿದೆವು. ಅವರು ಬದಲಾಯಿಸಿದೆವೆಂದು ಉತ್ತರ ಕೊಟ್ಟರು. ಜುಲೈ ತಿಂಗಳಿನಲ್ಲಿ ಒಬ್ಬ ತಾಯಿಯು ಒಂಬತ್ತನೆಯ ತರಗತಿಯಲ್ಲಿದ್ದ ತನ್ನ ಮಗಳ ವರ್ಗಾವಣೆಯ ಪತ್ರವನ್ನು ಬೇಡಿಕೊಂಡು ನಮ್ಮ ಕೋಣೆಗೆ ಬಂದಳು. ಹುಡುಗಿಯು ಓದಿನಲ್ಲಿ ಜಾಣೆ. ಯಾಕೆಂದು ಕೇಳಿದ್ದಕ್ಕೆ, ‘ಹೊಲಿಗೆಯಿಂದ ತಿಂಗಳಿಗೆ ಹನ್ನೆರಡು ಸಾವಿರ ಬರುತ್ತದೆ ಅಮ್ಮಾ, ಸಹಾಯಕ್ಕೆ ಅರ್ಜಿ ಹಾಕಿದೆ, ಆಗುವುದಿಲ್ಲವೆಂದು ನೀವೇ ಹೇಳಿದಿರಲ್ಲ’ ಎಂದಳು. ನಾವು ಹೇಳಿರಲಿಲ್ಲ. ಅವಳ ಅರ್ಜಿಯನ್ನು ನಾವು ನೋಡಿಯೇ ಇರಲಿಲ್ಲ. ದಫ್ತರದಲ್ಲಿ ಹುಡುಕಿಸಿದೆವು, ಆ ಹೆಸರಿನ ಗುರುತು ಸಹ ಎಲ್ಲಿಯೂ ಇರಲಿಲ್ಲ.

ಅವಳ ಫೋನಿನಲ್ಲಿಯೇ ಪುಟವನ್ನು ತೆರೆಯಿಸಿ ೧,೪೪,೦೦೦ ಎಂದು ಬರೆಯಿಸಿದೆವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ‘ನಿಮ್ಮ ಅರ್ಜಿಯು ಸ್ವೀಕಾರಾರ್ಹವಲ್ಲ’ ಎಂಬ ಕೆಂಪಕ್ಷರದ ವಾಕ್ಯವು ಬಂತು. ನಮ್ಮ ಗಣಕಯಂತ್ರದ ಉಪಾಧ್ಯಾಯಿನಿಯು ಅದನ್ನು ನೋಡುತ್ತಲೇ, ‘ಇಷ್ಟು ಬೇಗ ಬಂದ ಉತ್ತರವು ಸರ್ವರಿನಿಂದ ಬಂದದ್ದಲ್ಲ’ ಎಂದರು. ಅವರು ಫೋನಿನ ಸಂಪರ್ಕವನ್ನು ಕಡಿದು ಮತ್ತೆ ಅದೇ ಅಂಕೆಯನ್ನು ಬರೆದರು. ಸಂಪರ್ಕವಿಲ್ಲದಿದ್ದರೂ ಅದೇ ವಾಕ್ಯವು ಬಂತು! ಅಂದರೆ, ನಿಯಮವು ಎರಡು ಕಡೆಯಲ್ಲಿ ಬರೆಯಲ್ಪಟ್ಟಿತ್ತು: ಒಮ್ಮೆ ಸರ್ವರಿನಲ್ಲಿ, ಮತ್ತೊಮ್ಮೆ ಪುಟದೊಳಗಿನ ಜಾವಾಸ್ಕ್ರಿಪ್ಟಿನಲ್ಲಿ. ಸರ್ವರಿನ ನಿಯಮವು ಹೊಸದಾಗಿತ್ತು. ಪುಟದ ನಿಯಮವು ಹಳೆಯದಾಗಿಯೇ ಉಳಿದಿತ್ತು. ತಾಯಿಯ ಪ್ರಶ್ನೆಯು ಶಾಲೆಯ ಅಂಗಳಕ್ಕೆ ಕಾಲಿಡುವ ಮುಂಚೆಯೇ ಅವಳ ಕೈಯೊಳಗಿನ ಯಂತ್ರವು ಅವಳನ್ನು ಹಿಂದಕ್ಕೆ ಕಳುಹಿಸಿಬಿಟ್ಟಿತ್ತು.

ಇದರಲ್ಲಿ ತಪ್ಪು ಮುಖ್ಯವಾಗಿ ನಮ್ಮದು. ನಿಯಮವನ್ನು ಬದಲಾಯಿಸಿರೆಂದು ಹೇಳಿದೆವೇ ಹೊರತು, ಅದು ಎಷ್ಟು ಕಡೆ ಬರೆದಿದೆಯೆಂದು ಕೇಳಲಿಲ್ಲ. ಹಾಗೆ ಕೇಳತಕ್ಕ ಪ್ರಶ್ನೆಯೊಂದುಂಟೆಂದು ಸಹ ನಮಗೆ ತಿಳಿದಿರಲಿಲ್ಲ. ಆ ಮಳೆಗಾಲದ ಸಂಜೆಗಳಲ್ಲಿ ಆ ಉಪಾಧ್ಯಾಯಿನಿಯವರ ಪಕ್ಕದಲ್ಲಿ ಕುಳಿತು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿರುವೆವು.

ಜಾಲಪುಟವೆಂಬುದು ನೋಡುವುದಕ್ಕೆ ಒಂದಾಗಿದ್ದರೂ ಅದರ ಕೆಲಸವು ಎರಡು ಸ್ಥಳಗಳಲ್ಲಿ ನಡೆಯುವುದು. ನಮ್ಮ ಬೋರ್ಡಿಂಗಿನಲ್ಲಿ ಇದ್ದವರಿಗೆ ಉಗ್ರಾಣದ ಕಿಟಕಿಯು ನೆನಪಿರಬಹುದು. ಅಡಿಗೆಯ ಮನೆಯಿಂದ ಒಬ್ಬ ಹುಡುಗಿಯು ಚೀಟಿಯನ್ನು ತರುವಳು: ಅಕ್ಕಿ ಇಷ್ಟು, ಬೇಳೆ ಇಷ್ಟು. ಕಿಟಕಿಯ ಒಳಗೆ ಉಗ್ರಾಣದವರು ಚೀಟಿಯನ್ನು ನೋಡಿ, ಪುಸ್ತಕವನ್ನು ನೋಡಿ, ಈ ದಿನ ಎಷ್ಟು ಮಂದಿಗೆ ಊಟವೆಂದು ಎಣಿಸಿ, ಕೊಡುವುದನ್ನು ಕೊಟ್ಟು, ಪುಸ್ತಕದಲ್ಲಿ ಬರೆದುಕೊಳ್ಳುವರು. ಚೀಟಿಯನ್ನು ತಂದ ಹುಡುಗಿಗೆ ಒಳಗೆ ಪ್ರವೇಶವಿಲ್ಲ. ಬೀಗದ ಕೈಯೂ ಅವಳ ಹತ್ತಿರವಿಲ್ಲ. ನಿಮ್ಮ ಫೋನಿನಲ್ಲಿ ಪುಟವನ್ನು ತೋರಿಸುವ ಬ್ರೌಸರು ಆ ಹುಡುಗಿಯ ಸ್ಥಾನದಲ್ಲಿರುವುದು. ಮುಂಬಯಿಯಲ್ಲಿಯೋ ಮತ್ತೆಲ್ಲಿಯೋ ಇರುವ ಸರ್ವರು ಉಗ್ರಾಣದವರ ಸ್ಥಾನದಲ್ಲಿರುವುದು. ದತ್ತಾಂಶಗಳನ್ನು ಕೂಡಿಟ್ಟ ಡೇಟಾಬೇಸು ಆ ಪುಸ್ತಕ. ಯಾರಿಗೆ ಎಷ್ಟು ಕೊಡತಕ್ಕದ್ದು, ಯಾರಿಗೆ ಕೊಡಕೂಡದು ಎಂಬ ನಿಯಮಗಳ ಸಮುದಾಯಕ್ಕೆ ಈ ಕೆಲಸದವರು ‘ಬಿಸಿನೆಸ್ ಲಾಜಿಕ್’ ಎನ್ನುವರು. ವ್ಯಾಪಾರವಿಲ್ಲದ ನಮ್ಮಂಥವರು ಇದನ್ನು ಕಾರ್ಯನಿಯಮವೆಂದು ಕರೆಯಬಹುದು.

ಮೊದಲಲ್ಲಿ ಈ ಎರಡರ ಭೇದವು ಬಹಳ ಸ್ಪಷ್ಟವಾಗಿತ್ತು. ಜಿನೀವಾದ ಸಮೀಪದ ಸರ್ನ್ ಪ್ರಯೋಗಶಾಲೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ೧೯೯೦ರ ಕೊನೆಯೊಳಗೆ ಪ್ರಥಮ ಬ್ರೌಸರನ್ನೂ ಪ್ರಥಮ ಸರ್ವರನ್ನೂ ಸಿದ್ಧಮಾಡಿದಾಗ, ಬ್ರೌಸರು ಕೇಳುವುದು, ಸರ್ವರು ಬರೆದ ಹಾಳೆಯನ್ನು ಕೊಡುವುದು, ಇಷ್ಟೇ. ಬಳಿಕ ಅರ್ಜಿಯ ನಮೂನೆಗಳು ಬಂದವು. ಆದರೆ ನಮೂನೆಯನ್ನು ತುಂಬಿ ಕಳುಹಿಸಿದರೆ ಪುಟವೆಲ್ಲಾ ಅಳಿಸಿಹೋಗಿ ಹೊಸ ಪುಟವೊಂದು ಬರುವ ತನಕ ಕಾದು ಕೂತಿರಬೇಕಾಗಿತ್ತು. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಹತ್ತು ದಿವಸಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಕಟ್ಟಿದರು. ಅಂದಿನಿಂದ ಪುಟದೊಳಗೆಯೇ ಸಣ್ಣಪುಟ್ಟ ಲೆಕ್ಕವನ್ನೂ ಪರೀಕ್ಷೆಯನ್ನೂ ಮಾಡುವ ಶಕ್ತಿಯು ಬಂತು. ೧೯೯೯ರಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಐದನೆಯ ಎಕ್ಸ್‌ಪ್ಲೋರರಿನಲ್ಲಿ, ಪುಟವನ್ನು ಅಳಿಸದೆ ಹಿಂಬದಿಯಿಂದ ಸರ್ವರಿಗೆ ಚೀಟಿಯನ್ನು ಕಳುಹಿಸಿ ಉತ್ತರವನ್ನು ತರುವ ಒಂದು ಸಾಧನವನ್ನು ಇಟ್ಟರು. ಬಹುಮಂದಿ ಅದನ್ನು ಲಕ್ಷಿಸಲಿಲ್ಲ. ಗೂಗಲಿನ ಅಂಚೆಯು ೨೦೦೪ರಲ್ಲಿಯೂ ಭೂಪಟವು ೨೦೦೫ರಲ್ಲಿಯೂ ಹೊರಬಂದ ಮೇಲೆ, ಪುಟವು ಕದಲದೆ ಇದ್ದಲ್ಲಿಯೇ ಹೊಸ ವಿಷಯವು ಬಂದು ಸೇರುವುದನ್ನು ಜನರು ಕಂಡು ಬೆರಗಾದರು. ೨೦೦೫ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ಕ್ರಮಕ್ಕೆ ‘ಏಜಾಕ್ಸ್’ ಎಂಬ ಹೆಸರನ್ನಿಟ್ಟರು. ಈಗ ಇದೇ ಕೆಲಸಕ್ಕೆ ‘ಫೆಚ್’ ಎಂಬ ಸುಲಭವಾದ ಆಜ್ಞೆಯುಂಟು. ‘ಹೋಗಿ ತೆಗೆದುಕೊಂಡು ಬಾ’ ಎಂದು ಅದರ ಅರ್ಥ.

ಆ ಚೀಟಿಯಲ್ಲಿ ಏನಿರುವುದು? ನಾವು ಕಣ್ಣಾರೆ ನೋಡಿದ ಮೇಲೆಯೇ ಇದರ ಭಯವು ನಮಗೆ ಬಿಟ್ಟಿತು. ಮೊದಲು ವಿಳಾಸ, ಅಂದರೆ ಯಾವ ಸರ್ವರಿನ ಯಾವ ಕಿಟಕಿಗೆ ಎಂಬುದು. ಎರಡನೆಯದು ಕ್ರಿಯಾಪದ: ಬರಿಯ ಓದುವುದಕ್ಕಾದರೆ ‘ಗೆಟ್’, ಹೊಸದಾಗಿ ಏನನ್ನಾದರೂ ಒಪ್ಪಿಸುವುದಕ್ಕಾದರೆ ‘ಪೋಸ್ಟ್’. ಮೂರನೆಯದು ಒಡಲು. ನಮ್ಮ ಅರ್ಜಿಯ ಚೀಟಿಯ ಒಡಲನ್ನು ಕನ್ನಡದಲ್ಲಿ ಬರೆದರೆ ಹೀಗಿರುವುದು:

{ ತರಗತಿ: ೯, ವಾರ್ಷಿಕ ಆದಾಯ: ೧೪೪೦೦೦, ಅಂಕ: ೬೧ }

ಸರ್ವರು ಅದನ್ನೋದಿ, ತನ್ನ ನಿಯಮಕ್ಕೆ ಹೋಲಿಸಿ, ಹೀಗೆ ಮರುಚೀಟಿಯನ್ನು ಕೊಡುವುದು:

{ ಅರ್ಹತೆ: ಹೌದು, ಆದಾಯದ ಮಿತಿ: ೧೮೦೦೦೦, ನಿಯಮದ ವರ್ಷ: ೨೦೨೩ }

ಹೀಗೆ ಬಾಗಿದ ಆವರಣದೊಳಗೆ ಹೆಸರನ್ನೂ ಬೆಲೆಯನ್ನೂ ಜೋಡಿಸಿ ಬರೆಯುವ ಪದ್ಧತಿಗೆ ‘ಜೇಸನ್’ ಎಂದು ಹೆಸರು. ಮನುಷ್ಯರೂ ಓದಬಹುದು, ಯಂತ್ರಗಳೂ ಓದಬಹುದು. ಮರುಚೀಟಿಯ ತಲೆಯಲ್ಲಿ ಮೂರಂಕೆಯ ಒಂದು ಸಂಖ್ಯೆಯಿರುವುದು. ೨೦೦ ಎಂದರೆ ಕೆಲಸವು ಸರಿಯಾಗಿ ನಡೆಯಿತು. ೪೦೦ ಎಂದರೆ ನಿನ್ನ ಚೀಟಿಯು ಅರ್ಥವಾಗುವುದಿಲ್ಲ. ೪೦೧ ಎಂದರೆ ನೀನು ಯಾರೆಂದು ಮೊದಲು ಹೇಳು. ೪೦೩ ಎಂದರೆ ನೀನು ಯಾರೆಂದು ಬಲ್ಲೆ, ಆದರೆ ಇದಕ್ಕೆ ನಿನಗೆ ಅಧಿಕಾರವಿಲ್ಲ. ೪೦೪ ಎಂದರೆ ಅಂಥದು ಇಲ್ಲಿಲ್ಲ. ೫೦೦ ಎಂದರೆ ತಪ್ಪು ನಿನ್ನದಲ್ಲ, ನನ್ನೊಳಗೇ ಏನೋ ಕೆಟ್ಟಿದೆ. ಇಷ್ಟು ಮರ್ಯಾದೆಯಿಂದ ಭೇದಮಾಡಿ ಉತ್ತರ ಕೊಡುವ ವ್ಯವಸ್ಥೆಯಿದ್ದರೂ, ಎಷ್ಟೋ ಪುಟಗಳು ಇವೆಲ್ಲವನ್ನೂ ನುಂಗಿಕೊಂಡು ‘ಏನೋ ತಪ್ಪಾಯಿತು’ ಎಂದು ಮಾತ್ರ ಹೇಳುವುವು. ಮಗುವು ಲೆಕ್ಕವನ್ನು ತಪ್ಪುಮಾಡಿದರೆ ‘ಏನೋ ತಪ್ಪು’ ಎಂದು ಬರೆದು ಹಿಂದಕ್ಕೆ ಕೊಡುವ ಉಪಾಧ್ಯಾಯಿನಿಯನ್ನು ನಾವು ಸಹಿಸುವೆವೋ?

ಚೀಟಿಯು ಹೋಗಿ ಬರುವುದಕ್ಕೆ ಕಾಲ ಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದು. ಬೆಂಗಳೂರಿನಿಂದ ಮುಂಬಯಿಗೆ ನೇರವಾಗಿ ಅಳೆದರೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಆದಕಾರಣ ಹೋಗಿಬರುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗವಾದರೂ ಬೇಕೇ ಬೇಕು. ವಾಸ್ತವದಲ್ಲಿ ದಾರಿಯ ತಿರುವುಗಳೂ ಫೋನಿನ ಗೋಪುರಗಳೂ ಸೇರಿ ಅದರ ಹತ್ತುಪಟ್ಟು ಇಪ್ಪತ್ತುಪಟ್ಟು ಆಗಬಹುದು. ಮನುಷ್ಯರಿಗೆ ಇದು ಅಲ್ಪವಾದರೂ ಯಂತ್ರಕ್ಕೆ ದೀರ್ಘಕಾಲವೇ. ಪುಟದೊಳಗಿನ ಜಾವಾಸ್ಕ್ರಿಪ್ಟಿಗೆ ಸಾಮಾನ್ಯವಾಗಿ ಒಂದೇ ಜೊತೆ ಕೈ. ಅದು ಉತ್ತರಕ್ಕಾಗಿ ಕಿಟಕಿಯ ಬಳಿ ನಿಂತುಬಿಟ್ಟರೆ ಪುಟವೇ ಮರಗಟ್ಟಿಹೋಗುವುದು. ಆದದರಿಂದ ಅಡಿಗೆಯವಳು ಹುಡುಗಿಯನ್ನು ಉಗ್ರಾಣಕ್ಕೆ ಕಳುಹಿಸಿ ತಾನು ತರಕಾರಿಯನ್ನು ಹೆಚ್ಚುತ್ತಿರುವಂತೆ, ಪುಟವು ಚೀಟಿಯನ್ನು ಕಳುಹಿಸಿ ಬೇರೆ ಕೆಲಸಗಳಿಗೆ ತೊಡಗುವುದು. ಉತ್ತರ ಬಂದಾಗ ತಿರುಗಿ ಕೈಗೆತ್ತಿಕೊಳ್ಳುವುದು. ಮುಂದೆ ಉತ್ತರವು ಬರುವುದೆಂಬ ಭರವಸೆಯ ಈ ಚೀಟಿಗೆ ‘ಪ್ರಾಮಿಸ್’, ಅಂದರೆ ವಾಗ್ದಾನವೆಂದೇ ಹೆಸರಿಟ್ಟಿರುವರು. ವಾಗ್ದಾನವು ನೆರವೇರಬಹುದು, ಮುರಿಯಲೂಬಹುದು. ಎರಡಕ್ಕೂ ಏನು ಮಾಡತಕ್ಕದ್ದೆಂದು ಮೊದಲೇ ಬರೆದಿಡಬೇಕು. ಎರಡನೆಯದನ್ನು ಬರೆಯುವುದಕ್ಕೆ ಮರೆಯುವವರೇ ಹೆಚ್ಚು.

ಇಲ್ಲಿ ಸ್ವಲ್ಪ ನಿಲ್ಲುವೆವು. ಯಾಕಂದರೆ ಈ ವಿದ್ಯೆಯ ಮುಖ್ಯವಾದ ಕಷ್ಟವು ಇಲ್ಲಿಯೇ ಇರುವುದು. ದೂರದ ಯಂತ್ರದಲ್ಲಿರುವ ಕಾರ್ಯವನ್ನು ನಮ್ಮದೇ ಯಂತ್ರದಲ್ಲಿದ್ದಂತೆ ಹೆಸರು ಹಿಡಿದು ಕರೆಯುವ ಆಸೆಯು ಹಳೆಯದು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿದ್ದ ಆಂಡ್ರೂ ಬಿರೆಲ್, ಬ್ರೂಸ್ ನೆಲ್ಸನ್ ಎಂಬವರು ೧೯೮೪ರಲ್ಲಿ ಇದನ್ನು ಹೇಗೆ ಕಟ್ಟಬಹುದೆಂದು ವಿವರವಾಗಿ ಬರೆದು ಪ್ರಕಟಿಸಿದರು. ದೂರದ ಕರೆಯು ಹತ್ತಿರದ ಕರೆಯಂತೆಯೇ ಕಾಣಬೇಕೆಂಬುದು ಅವರ ಉದ್ದೇಶ. ಕಾಣುವುದು ನಿಜ, ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿರುವವರನ್ನು ಕರೆದರೆ ಅವರು ಬರುವರು, ಇಲ್ಲವೇ ಬರುವುದಿಲ್ಲವೆಂದು ಹೇಳುವರು. ದೂರದ ಊರಿಗೆ ಬರೆದ ಕಾಗದಕ್ಕೆ ಮೂರನೆಯದೊಂದು ಗತಿಯುಂಟು: ಉತ್ತರವೇ ಬಾರದಿರುವುದು. ಉತ್ತರ ಬಾರದಿದ್ದರೆ ಕಾಗದವು ಸೇರಲಿಲ್ಲವೋ, ಸೇರಿ ಕೆಲಸವಾಗಿ ಉತ್ತರವು ದಾರಿಯಲ್ಲಿ ಕಳೆದುಹೋಯಿತೋ, ಕರೆದವನಿಗೆ ತಿಳಿಯುವ ಮಾರ್ಗವಿಲ್ಲ. ೧೯೯೦ರ ದಶಕದಲ್ಲಿ ಸನ್ ಕಂಪನಿಯ ಪೀಟರ್ ಡಾಯ್ಚ್ ಮತ್ತು ಅವರ ಸಂಗಡಿಗರು, ಹೊಸಬರು ತಪ್ಪಾಗಿ ನಂಬುವ ಸಂಗತಿಗಳನ್ನು ಪಟ್ಟಿಮಾಡಿದಾಗ, ಜಾಲವು ಯಾವಾಗಲೂ ನಂಬತಕ್ಕದ್ದೆಂಬ ಭ್ರಮೆಯನ್ನೇ ಮೊದಲನೆಯದಾಗಿ ಇಟ್ಟರು.

ಶುಲ್ಕವನ್ನು ಕಟ್ಟುವಾಗ ಚಕ್ರವು ತಿರುಗುತ್ತಲೇ ಇದ್ದು ಗುಂಡಿಯನ್ನು ಮತ್ತೊಮ್ಮೆ ಒತ್ತಿದ ಪೋಷಕರಿಗೆ ಈ ಸಂಕಟವು ಗೊತ್ತು. ಎರಡು ಸಲ ಹಣ ಹೋಯಿತೆಂದು ದಫ್ತರಕ್ಕೆ ಓಡಿ ಬಂದವರುಂಟು. ಇದಕ್ಕೆ ಒಳ್ಳೆಯ ಉಪಾಯವುಂಟು. ಪುಟವು ಪ್ರತಿಯೊಂದು ಚೀಟಿಗೂ ತೆರೆದಾಗಲೇ ಒಂದು ಸ್ವಂತ ಸಂಖ್ಯೆಯನ್ನು ಹಾಕಬೇಕು. ಎರಡನೆಯ ಸಲ ಅದೇ ಸಂಖ್ಯೆಯ ಚೀಟಿಯು ಬಂದರೆ ಸರ್ವರು ಹೊಸದಾಗಿ ಹಣವನ್ನು ತೆಗೆದುಕೊಳ್ಳದೆ, ಮೊದಲು ಕೊಟ್ಟ ಉತ್ತರವನ್ನೇ ತಿರುಗಿ ಕೊಡಬೇಕು. ಆಗ ಹತ್ತು ಸಲ ಒತ್ತಿದರೂ ಹಣವು ಒಂದೇ ಸಲ ಹೋಗುವುದು. ಗುಂಡಿಯನ್ನು ಒಮ್ಮೆ ಒತ್ತಿದ ಕೂಡಲೆ ಮಂಕುಮಾಡಿಬಿಡುವುದು ಸಹ ಒಳ್ಳೆಯದೇ; ಆದರೆ ಅದು ಪುಟದಲ್ಲಿ ಮಾಡಿದ ಉಪಚಾರ ಮಾತ್ರ, ಭದ್ರತೆಯಲ್ಲ.

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುವೆವು. ‘ಇಲ್ಲ’ ಎಂಬುದು ಒಂದು ಉತ್ತರ. ‘ಉತ್ತರ ಬರಲಿಲ್ಲ’ ಎಂಬುದು ಬೇರೆ. ನಮ್ಮ ಹಳೆಯ ಪುಟವನ್ನು ಬಿಚ್ಚಿ ನೋಡಿದಾಗ, ಸರ್ವರು ಉತ್ತರ ಕೊಡದಿದ್ದಾಗಲೂ ಅದೇ ಕೆಂಪಕ್ಷರದ ವಾಕ್ಯವನ್ನೇ ತೋರಿಸುವಂತೆ ಬರೆದಿರುವುದು ಕಂಡುಬಂತು. ಮಳೆಯಲ್ಲಿ ಗೋಪುರವು ಕೆಟ್ಟ ದಿನ ಅರ್ಜಿ ಹಾಕಿದವರಿಗೆ, ನೀವು ಅರ್ಹರಲ್ಲವೆಂಬ ಉತ್ತರ! ಮೊದಲನೆಯ ತಪ್ಪಿಗಿಂತ ಇದೇ ನಮಗೆ ಹೆಚ್ಚು ಬೇಸರವನ್ನುಂಟುಮಾಡಿತು. ಯಾಕಂದರೆ ಮೊದಲನೆಯದು ಮರೆವು, ಇದು ಅಸಡ್ಡೆ.

ಹಾಗಾದರೆ ಪುಟದೊಳಗೆ ನಿಯಮಗಳನ್ನು ಬರೆಯಲೇಬಾರದೋ? ಇದಕ್ಕೆ ಉತ್ತರ ಕೊಡುವ ಮೊದಲು ಮತ್ತೊಂದು ಸಂಗತಿಯನ್ನು ಹೇಳಬೇಕು. ಆ ವರ್ಷವೇ ಹತ್ತನೆಯ ತರಗತಿಯ ಒಬ್ಬ ಬಾಲಿಕೆಯು ಗಣಕಯಂತ್ರದ ತರಗತಿಯಲ್ಲಿ ಬ್ರೌಸರಿನ ಒಳಭಾಗವನ್ನು ತೆರೆದು ನೋಡುವುದನ್ನು ಕಲಿತಳು. ಗಣಕಯಂತ್ರದ ಮುಖ್ಯ ಬ್ರೌಸರುಗಳಲ್ಲಿ ಇದಕ್ಕೆ ದಾರಿಯುಂಟು. ಇದು ಕಳ್ಳತನವಲ್ಲ, ಪುಟಗಳನ್ನು ಕಟ್ಟುವವರಿಗಾಗಿಯೇ ಇಟ್ಟದ್ದು. ಅವಳು ನಮ್ಮ ಶುಲ್ಕದ ಪುಟವನ್ನು ಹೀಗೆ ತೆರೆದು, ಚೀಟಿಯಲ್ಲಿ ೬,೫೦೦ ರೂಪಾಯಿಗಳೆಂಬ ಮೊತ್ತವೂ ಬರೆದಿರುವುದನ್ನು ಕಂಡು, ಅದನ್ನು ೬೫ ಎಂದು ತಿದ್ದಿದಳು. ಹಣ ಕಟ್ಟುವ ಪುಟವು ೬೫ ರೂಪಾಯಿಗಳನ್ನೇ ಕೇಳಿತು. ಹುಡುಗಿಯು ಅಲ್ಲಿಗೇ ನಿಲ್ಲಿಸಿ, ನಡುಗುತ್ತಾ ನಮ್ಮ ಕೋಣೆಗೆ ಬಂದು ತೋರಿಸಿದಳು. ಅವಳನ್ನು ಗದರಿಸಬೇಕೆಂದು ಒಬ್ಬಿಬ್ಬರು ಹೇಳಿದರು. ನಾವು ಗದರಿಸಲಿಲ್ಲ, ಅವಳ ಕೈಯಿಂದಲೇ ತಪ್ಪಿನ ವಿವರವನ್ನು ಬರೆಯಿಸಿಕೊಂಡೆವು.

ಚೀಟಿಯನ್ನು ತರುವ ಹುಡುಗಿಯೇ ಬೆಲೆಯನ್ನೂ ಬರೆದು ತಂದರೆ, ಉಗ್ರಾಣದವರು ಅದನ್ನು ನಂಬಿ ಪುಸ್ತಕದಲ್ಲಿ ಬರೆದುಕೊಂಡ ಹಾಗಾಯಿತು. ಪುಟವು ನಮ್ಮದಾದರೂ, ಅದು ಒಮ್ಮೆ ಓದುವವರ ಫೋನಿಗೆ ಹೋದ ಮೇಲೆ ಅವರ ಸ್ವತ್ತು. ಅವರು ಅದನ್ನು ಓದಬಹುದು, ತಿದ್ದಬಹುದು, ಪುಟವೇ ಇಲ್ಲದೆ ತಾವೇ ಚೀಟಿಯನ್ನು ಬರೆದು ಸರ್ವರಿನ ಕಿಟಕಿಗೆ ಒಡ್ಡಬಹುದು. ಸರ್ವರಿಗೆ ಕಾಣುವುದು ಚೀಟಿ ಮಾತ್ರ. ಅದನ್ನು ಬರೆದ ಕೈ ಕಾಣುವುದಿಲ್ಲ. ಆದದರಿಂದ ಹಣದ ಮೊತ್ತ, ಅರ್ಹತೆ, ಅಧಿಕಾರ ಇವುಗಳ ತೀರ್ಮಾನವೆಲ್ಲಾ ಸರ್ವರಿನಲ್ಲಿಯೇ ಆಗತಕ್ಕದ್ದು. ಪುಟವು ‘ಇಂಥ ವಿದ್ಯಾರ್ಥಿನಿಯ ಶುಲ್ಕ’ ಎಂದಿಷ್ಟೇ ಕೇಳಬೇಕು. ಎಷ್ಟೆಂಬುದನ್ನು ಸರ್ವರು ತನ್ನ ಪುಸ್ತಕದಿಂದ ನೋಡಬೇಕು.

ರೈಲಿನ ಟಿಕೇಟನ್ನು ನೋಡಿರಿ. ಐ.ಆರ್.ಸಿ.ಟಿ.ಸಿ. ಎಂಬ ಸಂಸ್ಥೆಯು ೨೦೦೨ರಲ್ಲಿ ಜಾಲದ ಮೂಲಕ ಟಿಕೇಟುಗಳನ್ನು ಕೊಡಲಾರಂಭಿಸಿತು. ಧಾರವಾಡದಲ್ಲಿ ಒಬ್ಬರು, ಮಂಗಳೂರಿನಲ್ಲಿ ಒಬ್ಬರು, ಒಂದೇ ಗಾಡಿಯ ಕೊನೆಯ ಸ್ಥಳವು ಖಾಲಿಯಿರುವುದನ್ನು ಒಂದೇ ನಿಮಿಷದಲ್ಲಿ ತಮ್ಮ ತಮ್ಮ ಪುಟಗಳಲ್ಲಿ ಕಾಣುವರು. ಇಬ್ಬರ ಪುಟಗಳೂ ಸುಳ್ಳು ಹೇಳಲಿಲ್ಲ. ಆದರೆ ಸ್ಥಳವು ಒಂದೇ. ಯಾರ ಚೀಟಿಯು ಮೊದಲು ಬಂತೆಂದು ನೋಡಿ ಒಬ್ಬರಿಗೆ ಕೊಟ್ಟು ಮತ್ತೊಬ್ಬರಿಗೆ ಇಲ್ಲವೆನ್ನುವುದು ಇಬ್ಬರ ಫೋನಿನಿಂದಲೂ ಆಗುವ ಕೆಲಸವಲ್ಲ. ಎರಡೂ ಚೀಟಿಗಳನ್ನು ಕಾಣುವ ಒಂದೇ ಸ್ಥಾನದಲ್ಲಿ ಅದು ಆಗಬೇಕು. ಪುಟದಲ್ಲಿ ಕಾಣುವುದು ಆಯಾ ಕ್ಷಣದ ಸುದ್ದಿಯೇ ಹೊರತು ತೀರ್ಪಲ್ಲ.

ಅಧಿಕಾರದ ವಿಷಯದಲ್ಲಿಯೂ ಇದೇ ಮಾತು. ಫಲಿತಾಂಶದ ಪುಟದ ವಿಳಾಸದಲ್ಲಿ ೧೭ ಎಂದಿರುವಲ್ಲಿ ೧೮ ಎಂದು ಬರೆದರೆ ಪಕ್ಕದ ಹುಡುಗಿಯ ಅಂಕಗಳು ಕಾಣುವುದಾದರೆ, ಆ ಸರ್ವರು ‘ನೀನು ಯಾರು’ ಎಂದು ಕೇಳಿತೇ ಹೊರತು ‘ಇದು ನಿನ್ನದೋ’ ಎಂದು ಕೇಳಲಿಲ್ಲ. ಇದು ಅಪರೂಪದ ತಪ್ಪೆಂದು ತಿಳಿಯಬಾರದು. ಜಾಲದ ಭದ್ರತೆಯನ್ನು ಕುರಿತು ಕೆಲಸ ಮಾಡುವ ಓವಾಸ್ಪ್ ಎಂಬ ಸಂಸ್ಥೆಯು ೨೦೨೧ರಲ್ಲಿ ಹೊರಡಿಸಿದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ, ಅಧಿಕಾರವನ್ನು ಸರಿಯಾಗಿ ಪರೀಕ್ಷಿಸದಿರುವುದನ್ನೇ ಮೊದಲನೆಯದಾಗಿ ಎಣಿಸಿತು. ಗುಂಡಿಯನ್ನು ಪುಟದಲ್ಲಿ ಮರೆಮಾಡಿದರೆ ಸಾಕೆಂದು ತಿಳಿಯುವವರುಂಟು. ಬಾಗಿಲಿಗೆ ಪರದೆಯನ್ನು ಕಟ್ಟಿ ಬೀಗ ಹಾಕಿದೆವೆಂದು ಹೇಳಿದಂತಾಯಿತು.

ಇಷ್ಟಾದ ಮೇಲೆ ಪುಟದೊಳಗಿನ ಪರೀಕ್ಷೆಗಳ ಮಾತಿಗೆ ಬರುವೆವು. ಅವು ಇರಬಾರದೆಂದು ನಾವು ಹೇಳುವುದಿಲ್ಲ. ಫೋನಿನ ಸಂಖ್ಯೆಯಲ್ಲಿ ಒಂಬತ್ತೇ ಅಂಕೆಗಳಿದ್ದರೆ, ಹೆಸರಿನ ಸ್ಥಳವು ಬರಿದಾಗಿದ್ದರೆ, ಅದನ್ನು ಚೀಟಿಯು ಹೊರಡುವ ಮೊದಲೇ ಹೇಳುವುದು ದಯೆಯ ಕೆಲಸ. ಮುಂಬಯಿಗೆ ಹೋಗಿ ಬಂದು ‘ಹೆಸರಿಲ್ಲ’ ಎನ್ನುವುದು ಯಾಕೆ? ಆದರೆ ಇವೆಲ್ಲವೂ ಬರೆಯುವವರಿಗೆ ಸಹಾಯವಾಗಿರಬೇಕು. ಸರ್ವರು ಅದನ್ನೇ ತಿರುಗಿ ತಾನೂ ಪರೀಕ್ಷಿಸಬೇಕು. ಸಮಿತಿಗಳು ಕೂಡಿ ಬದಲಾಯಿಸಬಹುದಾದ ಯಾವ ನಿಯಮವನ್ನೂ, ಆದಾಯದ ಮಿತಿ, ಅಂಕಗಳ ಮಿತಿ, ಕೊನೆಯ ದಿನಾಂಕ ಇಂಥವುಗಳನ್ನು, ಪುಟದಲ್ಲಿ ಬರೆಯಕೂಡದೆಂಬುದು ನಮ್ಮ ಅಭಿಪ್ರಾಯ. ಫೋನಿನ ಅಂಕೆಗಳು ಹತ್ತೆಂಬುದು ನಮ್ಮ ಸಮಿತಿಯ ಕೈಯಲ್ಲಿಲ್ಲ. ೧,೮೦,೦೦೦ ಎಂಬುದು ನಮ್ಮ ಸಮಿತಿಯ ಕೈಯಲ್ಲಿಯೇ ಇರುವುದು.

ಈ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಇದನ್ನು ತೋರಿಸಿದಾಗ ಅವಳು ಅಷ್ಟು ಕಠಿಣವಾಗಬೇಕಾಗಿಲ್ಲವೆಂದಳು. ಈಗ ಸರ್ವರಿನಲ್ಲಿಯೂ ಜಾವಾಸ್ಕ್ರಿಪ್ಟು ನಡೆಯುವುದರಿಂದ, ನಿಯಮವನ್ನು ಒಂದೇ ಕಡೆ ಬರೆದು, ಅದೇ ಬರಹವನ್ನು ಎರಡೂ ಕಡೆಗಳಲ್ಲಿ ಉಪಯೋಗಿಸಬಹುದಂತೆ. ಅದು ಸರಿ. ಆದರೆ ಓದುವವರ ಫೋನು ಹಳೆಯ ಪುಟವನ್ನು ಸ್ಮರಣೆಯಲ್ಲಿ ಇಟ್ಟುಕೊಂಡಿರುವುದೂ ಉಂಟಷ್ಟೆ. ಏಪ್ರಿಲಿನಲ್ಲಿ ತೆರೆದ ಪುಟವು ಜೂನಿನಲ್ಲಿಯೂ ಏಪ್ರಿಲಿನ ನಿಯಮವನ್ನೇ ಹೇಳಬಹುದು. ಈ ಮಾತಿಗೆ ಅವಳು ನಕ್ಕು, ‘ಅಮ್ಮಾ, ನೀವು ಬೆಂಗಳೂರಿಗೆ ಬನ್ನಿರಿ’ ಎಂದಳು. ನಾವು ಹೋಗಲಿಲ್ಲ.

೨೦೨೩ರ ಆಗಸ್ಟಿನಲ್ಲಿ ಪುಟವನ್ನು ಹೊಸದಾಗಿ ಕಟ್ಟಿಸಿದೆವು. ಈಗ ಅರ್ಜಿಯ ಪುಟವು ತೆರೆಯುತ್ತಲೇ ಸರ್ವರಿಗೆ ಒಂದು ಚೀಟಿಯನ್ನು ಕಳುಹಿಸಿ ಈ ವರ್ಷದ ನಿಯಮವನ್ನು ಕೇಳುವುದು. ಉತ್ತರದಲ್ಲಿ ಬಂದ ಮಿತಿಯನ್ನು ಓದುವವರಿಗೆ ತೋರಿಸುವುದು. ಆದರೆ ಮಿತಿಯನ್ನು ಮೀರಿದ ಅಂಕೆಯನ್ನು ಬರೆದವರನ್ನೂ ಅದು ತಡೆಯುವುದಿಲ್ಲ. ಎಲ್ಲರ ಅರ್ಜಿಯೂ ಸರ್ವರಿಗೆ ಹೋಗಿ ಪುಸ್ತಕದಲ್ಲಿ ದಾಖಲಾಗುವುದು. ಸರ್ವರು ಇಲ್ಲವೆಂದರೆ, ಯಾವ ನಿಯಮದ ಪ್ರಕಾರ ಇಲ್ಲವೆಂದು ಕನ್ನಡದಲ್ಲಿ ಹೇಳಿ, ಅರ್ಜಿಯ ಸಂಖ್ಯೆಯನ್ನು ಕೊಡುವುದು. ಇಲ್ಲವೆನಿಸಿಕೊಂಡವರ ಪಟ್ಟಿಯನ್ನು ಪ್ರತಿ ಶನಿವಾರ ನಾವೇ ಓದುವೆವು. ಹೌದೆನಿಸಿಕೊಂಡವರ ಪಟ್ಟಿಯನ್ನು ಗುಮಾಸ್ತರು ಓದಿದರೆ ಸಾಕು. ಉತ್ತರವು ಬಾರದಿದ್ದರೆ, ‘ನಿಮ್ಮ ಅರ್ಜಿಯು ಇನ್ನೂ ನಮಗೆ ಸೇರಿಲ್ಲ, ದಯಮಾಡಿ ತಿರುಗಿ ಕಳುಹಿಸಿರಿ, ಇಲ್ಲವೇ ದಫ್ತರಕ್ಕೆ ಬನ್ನಿರಿ’ ಎಂದು ಪುಟವು ಹೇಳುವುದು. ಈ ವಾಕ್ಯವನ್ನು ಬರೆದವಳು ಶುಲ್ಕದ ಮೊತ್ತವನ್ನು ತಿದ್ದಿ ತೋರಿಸಿದ ಆ ಹುಡುಗಿಯೇ. ಪ್ರತಿ ವರ್ಷ ಪುಟವನ್ನು ತೆರೆಯುವ ಮೊದಲು ದಫ್ತರದಲ್ಲಿ ಕುಳಿತು ಮಿತಿಗಿಂತ ಒಂದು ರೂಪಾಯಿ ಕಡಿಮೆ, ಸರಿಯಾಗಿ ಮಿತಿಯಷ್ಟೇ, ಒಂದು ರೂಪಾಯಿ ಹೆಚ್ಚು, ಹೀಗೆ ಮೂರು ಅರ್ಜಿಗಳನ್ನು ಹಾಕಿ ಪರೀಕ್ಷಿಸುವೆವು. ಬಳಿಕ ಸಂಪರ್ಕವನ್ನು ಕಡಿದು ನಾಲ್ಕನೆಯದನ್ನು ಹಾಕುವೆವು.

ಹೊಲಿಗೆಯ ತಾಯಿಯ ಅರ್ಜಿಯನ್ನು ಆ ದಿನವೇ ಕಾಗದದಲ್ಲಿ ಬರೆಯಿಸಿಕೊಂಡು ಸಮಿತಿಯ ಮುಂದಿಟ್ಟೆವು. ವರ್ಗಾವಣೆಯ ಪತ್ರವು ಬರೆಯಲ್ಪಡಲಿಲ್ಲ. ಆ ಬಾಲಿಕೆಯು ೨೦೨೫ರಲ್ಲಿ ನಮ್ಮಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿದಳು.

ಆದರೆ ಆ ಪುಟವು ೨೦೨೩ರ ಜೂನ್ ೧ರಿಂದ ಜುಲೈ ೧೦ರ ತನಕ ತೆರೆದಿತ್ತು. ಆ ದಿನಗಳಲ್ಲಿ ಮತ್ತೆಷ್ಟು ಮಂದಿ ೧,೨೦,೦೦೦ಕ್ಕೂ ೧,೮೦,೦೦೦ಕ್ಕೂ ನಡುವಣ ಅಂಕೆಯನ್ನು ಬರೆದು, ಕೆಂಪಕ್ಷರವನ್ನೋದಿ, ಯಾರಿಗೂ ಹೇಳದೆ ಪುಟವನ್ನು ಮುಚ್ಚಿದರೆಂಬುದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಸರ್ವರಿಗೆ ಬಾರದ ಪ್ರಶ್ನೆಯನ್ನು ಸರ್ವರು ಬರೆದುಕೊಂಡಿರಲಾರದು. ಈ ಸಂಚಿಕೆಯನ್ನು ಓದುವ ಪೋಷಕರಲ್ಲಿ ಅಂಥವರಿದ್ದರೆ, ಅಥವಾ ನಿಮ್ಮ ನೆರೆಹೊರೆಯಲ್ಲಿ ಇರುವರೆಂದು ನಿಮಗೆ ಗೊತ್ತಿದ್ದರೆ, ಅವರ ಮಗಳು ಈಗ ಯಾವ ಶಾಲೆಯಲ್ಲಿದ್ದರೂ ಸರಿ, ಅವರನ್ನು ದಫ್ತರಕ್ಕೆ ಕಳುಹಿಸಿರಿ. ಆ ವರ್ಷದಲ್ಲಿ ಕೊಡದೆ ಉಳಿದ ಹಣವನ್ನು ಸಮಿತಿಯು ಪ್ರತ್ಯೇಕವಾಗಿಯೇ ಇಟ್ಟಿರುವುದು. ಅರ್ಜಿಯನ್ನು ಕಾಗದದಲ್ಲಿ ತೆಗೆದುಕೊಳ್ಳುವೆವು.